ಲ್ಯಾಂಗ್‌ಫರ್ಡ್ ಫ್ರೇಮು: ಕಟ್ಟಿದ್ದು ಪರವಾಗಿಲ್ಲ, ಫಲಕದಲ್ಲಿ ಬರೆದದ್ದು ಸುಳ್ಳು

ಹಾಸನ, ಚಿಕ್ಕಮಗಳೂರಿನಲ್ಲಿ ಹೋಂಸ್ಟೇ, ಕೆಫೆ, ಜಿಮ್ಮುಗಳ ಗೋಡೆಗೆ ‘ಹಳೇ ಕಾಲದ’ ಸಾಮಾನು ಒದಗಿಸುವ ಅಂಗಡಿಗಳಿಗೆ ಈಗ ಬಾಕ್ಸಿಂಗ್ ಫ್ರೇಮುಗಳೂ ಬರುತ್ತಿವೆ. ಮೊಹಮ್ಮದ್ ಅಲಿ, ಮೈಕ್ ಟೈಸನ್ ಬಿಟ್ಟರೆ ಬೇರೆ ಮುಖ ಕಾಣುವುದು ಅಪರೂಪ. ಅಂಥದ್ದರಲ್ಲಿ ನೂರು ವರ್ಷದ ಹಿಂದಿನ ಬಾಕ್ಸರ್ ಸ್ಯಾಮ್ ಲ್ಯಾಂಗ್‌ಫರ್ಡ್‌ನ ಫ್ರೇಮು ನೋಡಿದರೆ, ಯಾರೋ ಸ್ವಲ್ಪ ಓದಿಕೊಂಡವರೇ ಮಾಡಿರಬೇಕು ಅನ್ನಿಸುತ್ತದೆ. ಕೆಳಗಿನ ಹಿತ್ತಾಳೆ ಫಲಕ ಓದುವ ತನಕ.

ಮೊದಲು ಸಾಮಾನು ಏನೆಂದು ಹೇಳಿಬಿಡುವುದು ಒಳ್ಳೆಯದು. ಹೊರ ಅಳತೆ 16×20 ಇಂಚು, ಆಳ 2 ಇಂಚು, ಪೆಟ್ಟಿಗೆಯ ಥರದ ಫ್ರೇಮು. ಕಪ್ಪು ಫೈಬರ್ ಬೀಡಿಂಗ್, 3 ಮಿ.ಮೀ. ಗಾಜು, ಹಿಂದೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ. ಒಳಗೆ ಐದು ವಸ್ತು: 8×10 ಇಂಚಿನ ಲ್ಯಾಂಗ್‌ಫರ್ಡ್ ಚಿತ್ರ, ಅಂಗೈ ಅಗಲದ ಒಂದು ಆಟಿಕೆ ಗ್ಲೌಸು, ಬಾಕ್ಸರ್ ಜ್ಯಾಕ್ ಜಾನ್ಸನ್‌ನ ಸಿಗರೇಟು ಕಾರ್ಡಿನ (ಆಗ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಚಿತ್ರದ ಕಾರ್ಡು) ನಕಲು, ಟೈಪ್ ಮಾಡಿದ ಹಾಗೆ ಕಾಣುವ ಪರಿಚಯ ಚೀಟಿ, ಮತ್ತು ಆ ಫಲಕ. ಜೊತೆಗೆ ಬೇರೆ ಕವರಿನಲ್ಲಿ ‘ಅಸಲಿ’ ಎಂಬ ಪ್ರಮಾಣಪತ್ರ. ಬೆಲೆ 3,800 ರೂಪಾಯಿ. ಎರಡು ತೆಗೆದುಕೊಂಡರೆ ಚೌಕಾಸಿಗೆ ಜಾಗ ಇದೆ.

ಫಲಕದಲ್ಲಿ ಇರುವುದು: ಸ್ಯಾಮ್ ಲ್ಯಾಂಗ್‌ಫರ್ಡ್, ವರ್ಲ್ಡ್ ಹೆವಿವೇಟ್ ಚಾಂಪಿಯನ್, 1910.

1910ರಲ್ಲಿ ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಪಟ್ಟ ಪಡೆದವನು, 1910ರ ಜುಲೈ 4ರಂದು ರೀನೋದಲ್ಲಿ ಜಿಮ್ ಜೆಫ್ರೀಸ್‌ನನ್ನು ಬಡಿದು ಅದನ್ನು ಉಳಿಸಿಕೊಂಡವನು, 1915ರ ಏಪ್ರಿಲ್ 5ರಂದು ಹವಾನಾದಲ್ಲಿ ಜೆಸ್ ವಿಲ್ಲರ್ಡ್ ಕೈಯಲ್ಲಿ ಕಳೆದುಕೊಂಡವನು. ತಮಾಷೆ ಎಂದರೆ ಅದೇ ಜಾನ್ಸನ್ ಇದೇ ಫ್ರೇಮಿನಲ್ಲಿ, ಫಲಕಕ್ಕೆ ನಾಲ್ಕು ಬೆರಳು ಮೇಲೆ, ಕಾರ್ಡಿನಲ್ಲಿ ಕೂತಿದ್ದಾನೆ. ಫ್ರೇಮು ತನ್ನ ಸುಳ್ಳಿಗೆ ತಾನೇ ಸಾಕ್ಷಿ ಇಟ್ಟುಕೊಂಡಿದೆ.

ಇದು ಬರೀ ಒಂದು ಅಕ್ಷರದೋಷ ಎಂದು ಬಿಡುವಂತಿಲ್ಲ. ಲ್ಯಾಂಗ್‌ಫರ್ಡ್‌ಗೆ ಸಂಗ್ರಾಹಕರಲ್ಲಿ ಇರುವ ಬೆಲೆಯೇ ಅವನಿಗೆ ಪಟ್ಟ ಸಿಗಲಿಲ್ಲ ಎಂಬುದರಿಂದ ಬಂದದ್ದು. ಕೆನಡಾದ ನೋವಾಸ್ಕೋಷಿಯಾದ ವೇಮತ್ ಫಾಲ್ಸ್‌ನಲ್ಲಿ ಹುಟ್ಟಿ ಬಾಸ್ಟನ್‌ಗೆ ಬಂದವನು. ಎತ್ತರ ಸುಮಾರು 5 ಅಡಿ 7 ಇಂಚು, ನಮ್ಮೂರ ಬಸ್ಸಿನಲ್ಲಿ ಪಕ್ಕ ಕೂತರೆ ಯಾರೂ ತಿರುಗಿ ನೋಡದ ಎತ್ತರ. ಅಷ್ಟರಲ್ಲೇ ಹಗುರ ತೂಕದ ಲೈಟ್‌ವೇಟ್‌ನಿಂದ ಎಲ್ಲಕ್ಕಿಂತ ಭಾರದ ಹೆವಿವೇಟ್ ತನಕ ಸಿಕ್ಕಿದವರ ಜೊತೆಗೆಲ್ಲ ಹೊಡೆದಾಡಿದ. 1902ರಿಂದ 1926ರವರೆಗೆ ದಾಖಲೆ ಸಿಗುವ ಪಂದ್ಯಗಳೇ 250 ದಾಟುತ್ತವೆ. 1903ರ ಡಿಸೆಂಬರ್ 8ರಂದು ಜೋ ಗ್ಯಾನ್ಸ್‌ನನ್ನು 15 ಸುತ್ತಿನಲ್ಲಿ ಸೋಲಿಸಿದ. ಗ್ಯಾನ್ಸ್ ಆಗ ಲೈಟ್‌ವೇಟ್ ಚಾಂಪಿಯನ್, ಆದರೆ ಲ್ಯಾಂಗ್‌ಫರ್ಡ್‌ನ ತೂಕ ಮಿತಿಗಿಂತ ಹೆಚ್ಚಿದ್ದರಿಂದ ಪಟ್ಟ ಪಣಕ್ಕೆ ಇರಲಿಲ್ಲ. ಮುಂದಿನ ವರ್ಷ, ಅದರ ಮೇಲಿನ ತೂಕವಾದ ವೆಲ್ಟರ್‌ವೇಟ್‌ನ ಪಟ್ಟ ತನ್ನದೆನ್ನುತ್ತಿದ್ದ ಬಾರ್ಬಡೋಸ್ ಜೋ ವಾಲ್ಕಾಟ್ ಜೊತೆ 15 ಸುತ್ತು, ಡ್ರಾ. ಡ್ರಾ ಆದರೆ ಪಟ್ಟ ಇದ್ದವನ ಹತ್ತಿರವೇ ಉಳಿಯುತ್ತದೆ.

1906ರ ಏಪ್ರಿಲ್ 26ರಂದು ಮ್ಯಾಸಚೂಸೆಟ್ಸ್‌ನ ಚೆಲ್ಸಿಯಲ್ಲಿ ಜ್ಯಾಕ್ ಜಾನ್ಸನ್ ಎದುರು 15 ಸುತ್ತು ನಿಂತು ಸೋತ. ಜಾನ್ಸನ್ ಅವನಿಗಿಂತ ಹತ್ತು ಕಿಲೋಗೂ ಹೆಚ್ಚು ಭಾರ ಇದ್ದ. ಚಾಂಪಿಯನ್ ಆದ ಮೇಲೆ ಜಾನ್ಸನ್ ಮತ್ತೆ ಅವನಿಗೆ ರಿಂಗಿನಲ್ಲಿ ಜಾಗ ಕೊಡಲಿಲ್ಲ. ಬಿಳಿಯ ಚಾಂಪಿಯನ್ನರು ಕರಿಯರಿಗೆ ಬಾಗಿಲು ಹಾಕಿದ್ದು ಒಂದು ಕಡೆ, ಕರಿಯ ಚಾಂಪಿಯನ್ ಕೂಡ ಈ ಒಬ್ಬನಿಗೆ ಬಾಗಿಲು ತೆಗೆಯದೆ ಹೋದದ್ದು ಇನ್ನೊಂದು ಕಡೆ. 1913ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಜಾನ್ಸನ್ ಒಬ್ಬ ಕರಿಯ ಎದುರಾಳಿಗೆ ಪಟ್ಟದ ಅವಕಾಶ ಕೊಟ್ಟ. ಆ ಎದುರಾಳಿ ಬ್ಯಾಟ್ಲಿಂಗ್ ಜಿಮ್ ಜಾನ್ಸನ್, ಲ್ಯಾಂಗ್‌ಫರ್ಡ್ ಅಲ್ಲ. ವಿಲ್ಲರ್ಡ್ ಗೆದ್ದ ಮೇಲಂತೂ ದಾರಿ ಪೂರ್ತಿ ಮುಚ್ಚಿತು. ಮತ್ತೊಬ್ಬ ಕರಿಯ ಆಟಗಾರ ಹೆವಿವೇಟ್ ಪಟ್ಟಕ್ಕೆ ಹೋರಾಡಿದ್ದು 1937ರಲ್ಲಿ, ಜೋ ಲೂಯಿಸ್.

ಹಾಗಾಗಿ ಲ್ಯಾಂಗ್‌ಫರ್ಡ್, ಹ್ಯಾರಿ ವಿಲ್ಸ್, ಜೋ ಜೆನೆಟ್, ಸ್ಯಾಮ್ ಮ್ಯಾಕ್‌ವೇ ಈ ನಾಲ್ವರೂ ತಮ್ಮ ತಮ್ಮಲ್ಲೇ ಮತ್ತೆ ಮತ್ತೆ ಹೊಡೆದಾಡಿ ಹೊಟ್ಟೆ ಹೊರೆದುಕೊಳ್ಳಬೇಕಾಯಿತು. ‘ವರ್ಣೀಯರ ಹೆವಿವೇಟ್ ಪಟ್ಟ’ ಅಂತ ಕರಿಯರಿಗೇ ಬೇರೆ ಒಂದು ಇತ್ತು, ಅದನ್ನು ಲ್ಯಾಂಗ್‌ಫರ್ಡ್ ಹಲವು ಬಾರಿ ಗೆದ್ದಿದ್ದಾನೆ. ಫಲಕ ಮಾಡಿದವರು ಅದನ್ನೇ ಕೇಳಿ ಅರ್ಧಕ್ಕೆ ನಿಲ್ಲಿಸಿರಬಹುದು. ಆದರೆ ಆ ಒಂದು ಪದ ಬಿಟ್ಟರೆ ಇಡೀ ಕಥೆ ತಲೆಕೆಳಗು.

ಪರಿಚಯ ಚೀಟಿಯಲ್ಲಿ ಇನ್ನೊಂದು ಎಡವಟ್ಟು. ಚೆಲ್ಸಿ ಪಂದ್ಯದಲ್ಲಿ ಲ್ಯಾಂಗ್‌ಫರ್ಡ್ ಜಾನ್ಸನ್‌ನನ್ನು ನೆಲಕ್ಕೆ ಬೀಳಿಸಿದ, ಅನ್ಯಾಯದ ತೀರ್ಪಿನಿಂದ ಸೋತ ಎಂದು ಬರೆದಿದೆ. ಇದು ಲ್ಯಾಂಗ್‌ಫರ್ಡ್‌ನ ಮ್ಯಾನೇಜರ್ ಜೋ ವುಡ್‌ಮನ್, ಮುಂದಿನ ಪಂದ್ಯ ಕುದುರಿಸಲು ಊರೂರಲ್ಲಿ ಹಬ್ಬಿಸಿದ ಮಾತು. ಅಂದು ಏಟು ತಿಂದು ಬಿದ್ದು ಎದ್ದವನು ಲ್ಯಾಂಗ್‌ಫರ್ಡ್. ಬಿದ್ದರೂ ಎದ್ದು 15 ಸುತ್ತು ಮುಗಿಸಿದ್ದು ಕಮ್ಮಿ ಮಾತೇನಲ್ಲ, ಅದನ್ನೇ ಬರೆಯಬಹುದಿತ್ತು. ಚೀಟಿಯಲ್ಲಿ ಬಿಟ್ಟುಹೋದದ್ದು ಇನ್ನೂ ದೊಡ್ಡದು. 1917ರಲ್ಲಿ ಫ್ರೆಡ್ ಫುಲ್ಟನ್ ಜೊತೆಗಿನ ಪಂದ್ಯದಲ್ಲಿ ಒಂದು ಕಣ್ಣು ಕೆಟ್ಟಿತು, ಇನ್ನೊಂದು ಆಮೇಲೆ ಮಂಜಾಯಿತು, ಆದರೂ 1923ರಲ್ಲಿ ಮೆಕ್ಸಿಕೋಗೆ ಹೋಗಿ ಆ ದೇಶದ ಹೆವಿವೇಟ್ ಪಟ್ಟ ಗೆದ್ದ. 1944ರಲ್ಲಿ ಪತ್ರಕರ್ತ ಆಲ್ ಲೇನಿ ಅವನನ್ನು ಹುಡುಕಿದಾಗ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪೂರ್ತಿ ಕುರುಡನಾಗಿ, ಕೈಯಲ್ಲಿ ಕಾಸಿಲ್ಲದೆ ಇದ್ದ. ಲೇಖನ ಓದಿದವರು ಚಂದಾ ಎತ್ತಿ ಅವನಿಗೊಂದು ನಿಧಿ ಮಾಡಿದರು. 1956ರ ಜನವರಿ 12ರಂದು ತೀರಿಕೊಂಡ.

ಇನ್ನು ಕಾರ್ಡು. ಹಾಸನದವರು ಈ ಫ್ರೇಮನ್ನು ಕೊಳ್ಳಲು ನಿಜವಾದ ಕಾರಣ ಇಲ್ಲೇ ಇದೆ, ಅದನ್ನು ಮಾಡಿದವರು ಮುಚ್ಚಿಟ್ಟಿದ್ದಾರೆ. 1910ರ ಸುಮಾರಿಗೆ ಅಮೆರಿಕದಲ್ಲಿ ಟರ್ಕಿ ಹೊಗೆಸೊಪ್ಪಿನ ಸಿಗರೇಟಿನ ಶೋಕಿ ಇತ್ತು. ಮೆಕ್ಕಾ, ಫಾತಿಮಾ, ಹಸನ್ ಎಂಬ ಹೆಸರುಗಳು. ಇಂಗ್ಲಿಷಿನಲ್ಲಿ ಆ ಕೊನೆಯ ಹೆಸರಿನ ಕಾಗುಣಿತ ನಮ್ಮ ಹಾಸನ ರೈಲ್ವೆ ನಿಲ್ದಾಣದ ಬೋರ್ಡಿನಲ್ಲಿ ಇರುವಂಥದ್ದೇ, ಒಂದು ಅಕ್ಷರವೂ ವ್ಯತ್ಯಾಸ ಇಲ್ಲ. ಹಾಸನಾಂಬೆಗೂ ಆ ಸಿಗರೇಟಿಗೂ ಯಾವ ನಂಟೂ ಇಲ್ಲ, ಬರೀ ಕಾಕತಾಳೀಯ. ಪ್ಯಾಕಿನೊಳಗೆ ಬಾಕ್ಸರ್, ಓಟಗಾರ, ಈಜುಗಾರರ ಬಣ್ಣದ ಕಾರ್ಡು ಇಡುತ್ತಿದ್ದರು. ಕಾರ್ಡಿನ ಹಿಂಬದಿಯಲ್ಲಿ ‘ಹಸನ್ ಕಾರ್ಕ್ ಟಿಪ್ ಸಿಗರೇಟ್ಸ್’ (ಬಾಯಿಗಿಡುವ ತುದಿಗೆ ಕಾರ್ಕ್ ಇದ್ದ ಸಿಗರೇಟು) ಜಾಹೀರಾತು. ಸಂಗ್ರಾಹಕರು ಈ ಸರಣಿಯನ್ನು ಟಿ218 ಅನ್ನುತ್ತಾರೆ. ಅಮೆರಿಕದ ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಮಾಡಿದ ಕಾರ್ಡು ಪಟ್ಟಿಯಲ್ಲಿ ‘ಟಿ’ ಎಂದರೆ 20ನೇ ಶತಮಾನದ ತಂಬಾಕು ಕಾರ್ಡು. ಒಂದೇ ಚಿತ್ರ ಮೆಕ್ಕಾ ಹಿಂಬದಿಯಲ್ಲೂ ಹಸನ್ ಹಿಂಬದಿಯಲ್ಲೂ ಸಿಗುವುದರಿಂದ ಹಿಂಬದಿ ನೋಡದೆ ಇಂಥದ್ದೇ ಎಂದು ಹೇಳಲಾಗದು.

ಫ್ರೇಮಿನಲ್ಲಿರುವ ನಕಲಿಗೆ ಹಸನ್ ಹಿಂಬದಿಯನ್ನೂ ಅಚ್ಚು ಹಾಕಿಸಿದ್ದಾರೆ. ಅಷ್ಟು ಮಾಡಿ, ಅದನ್ನು ಬಿಳಿ ಗೋಂದಿನಲ್ಲಿ ಬೋರ್ಡಿಗೆ ಅಂಟಿಸಿಬಿಟ್ಟಿದ್ದಾರೆ! ಕಿತ್ತರೆ ಮಾತ್ರ ಊರಿನ ಹೆಸರು ಕಾಣುತ್ತದೆ. ನಾಲ್ಕು ಮೂಲೆಗೆ ಪಾರದರ್ಶಕ ಮೂಲೆಪಟ್ಟಿ ಹಾಕಿ, ಹಿಂದಿನ ಹಲಗೆಯಲ್ಲಿ ಎರಡೂವರೆ ಇಂಚಿನ ಕಿಟಕಿ ಕೊರೆದಿದ್ದರೆ ಎರಡೂ ಬದಿ ನೋಡಬಹುದಿತ್ತು. ಖರ್ಚು 50 ರೂಪಾಯಿ ದಾಟುತ್ತಿರಲಿಲ್ಲ.

ನಕಲು ಎಂದು ಹೇಗೆ ಗೊತ್ತು? ಕಾರ್ಡಿನ ಮೇಲೆ ಎಲ್ಲೂ ಬರೆದಿಲ್ಲ, ಅದು ಇನ್ನೊಂದು ತಕರಾರು. ಅಕ್ಕಸಾಲಿಗರ ಹತ್ತಿರ ಇರುವ 10 ಪಟ್ಟು ದೊಡ್ಡದು ಮಾಡುವ ಲೂಪಿನಲ್ಲಿ ಮುಖದ ಭಾಗ ನೋಡಿ. ಈಗಿನ ಆಫ್‌ಸೆಟ್ ಅಚ್ಚಾದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಒಂದೇ ಅಂತರದಲ್ಲಿ ಸಾಲುಗಟ್ಟಿ ಹೂವಿನೆಸಳಿನ ಥರ ಸುತ್ತುಗಟ್ಟಿರುತ್ತವೆ. ಆಗಿನ ಕಲ್ಲಚ್ಚಿನಲ್ಲಿ ಬಣ್ಣದ ಚುಕ್ಕಿಗಳು ಕೈಯಿಂದ ಎರಚಿದ ಹಾಗೆ ಹೆಚ್ಚುಕಮ್ಮಿ ಗಾತ್ರದಲ್ಲಿ ಇರುತ್ತವೆ, ಅಕ್ಷರಗಳು ಚುಕ್ಕಿ ಇಲ್ಲದೆ ಗಟ್ಟಿ ಬಣ್ಣದಲ್ಲಿ ಇರುತ್ತವೆ. ಎರಡನೆಯದು, ಅಂಗಡಿಗಳಲ್ಲಿ ಖೋಟಾ ನೋಟು ನೋಡುವ ನೀಲಿ ದೀಪ. ಕತ್ತಲೆಯಲ್ಲಿ ಅದರ ಕೆಳಗೆ ಹಿಡಿದರೆ ಹೊಳಪು ರಾಸಾಯನಿಕ ಬೆರೆಸಿದ ಈಗಿನ ಕಾಗದ ನೀಲಿ ಬಿಳಿಯಾಗಿ ಬೆಳಗುತ್ತದೆ. 1910ರ ಕಾಗದ ಮಂಕಾಗಿಯೇ ಇರುತ್ತದೆ. ಬೆಳಗಿದರೆ ಹಳೆಯದಲ್ಲ ಎಂಬುದು ಖಚಿತ. ಬೆಳಗದಿದ್ದರೆ ಹಳೆಯದು ಎಂದು ಹಿಗ್ಗಬೇಡಿ, ಹಳೇ ಪುಸ್ತಕದ ಖಾಲಿ ಹಾಳೆ ಮೇಲೆ ಅಚ್ಚು ಹಾಕುವವರೂ ಇದ್ದಾರೆ. ಕಾಫಿ ಡಿಕಾಕ್ಷನ್ ಬಳಿದು ಹಳದಿ ಮಾಡುವ ಕಸುಬಂತೂ ಚಿಕ್ಕಮಗಳೂರಿನವರಿಗೆ ಹೇಳಿಕೊಡಬೇಕಿಲ್ಲ. ನಿಜವಾದ ವಯಸ್ಸು ಅಂಚಿನಿಂದ ಒಳಕ್ಕೆ ಹಬ್ಬಿರುತ್ತದೆ, ಡಿಕಾಕ್ಷನ್ ಕಲೆ ನಡುವಿನಲ್ಲೂ ಮೋಡಮೋಡವಾಗಿ ಕೂತಿರುತ್ತದೆ.

ಚಿತ್ರ ಚೆನ್ನಾಗಿದೆ. ಇಂಕ್‌ಜೆಟ್ ಪ್ರಿಂಟ್, ಮ್ಯಾಟ್ ಕಾಗದ, ಕಪ್ಪು ಬಣ್ಣ ತುಂಬಿ ಬಂದಿದೆ, ಭುಜದ ಮೇಲಿನ ಬೆಳಕು ಬಿಳುಚಿಕೊಂಡಿಲ್ಲ. ಗಾಜಿಗೂ ಚಿತ್ರಕ್ಕೂ ಒಂದೂವರೆ ಇಂಚು ಅಂತರ ಇರುವುದು ನಮ್ಮ ಮಳೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಗಾಜಿಗೆ ತಾಗಿಸಿ ಕಟ್ಟಿದ ಫೋಟೋಗಳು ಎರಡು ಮಳೆಗಾಲದಲ್ಲಿ ಗಾಜಿಗೇ ಅಂಟಿಕೊಳ್ಳುವುದನ್ನು ಸಕಲೇಶಪುರದಲ್ಲಿ ಯಾರ ಮನೆಯಲ್ಲಿ ಬೇಕಾದರೂ ನೋಡಬಹುದು. ಅಂದ ಹಾಗೆ, ಬರೀ ಚಿತ್ರ ಸಾಕು ಅನ್ನುವವರು ಫ್ರೇಮು ಕೊಳ್ಳಬೇಕಾಗಿಯೇ ಇಲ್ಲ. ಆ ಕಾಲದ ಬೈನ್ ಸುದ್ದಿಸಂಸ್ಥೆಯ ಗಾಜಿನ ನೆಗೆಟಿವ್‌ಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಬಾಕ್ಸರ್‌ಗಳ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಒಳ್ಳೆಯ ಸ್ಟುಡಿಯೋದಲ್ಲಿ 8×10 ಪ್ರಿಂಟ್ ಹಾಕಿಸಿದರೆ ಆಯಿತು.

ಗ್ಲೌಸು ಬೇಡವಾಗಿತ್ತು. ರೆಕ್ಸಿನ್ನಿನದು, ಮಣಿಕಟ್ಟಿಗೆ ವೆಲ್ಕ್ರೋ ಪಟ್ಟಿ. ಲ್ಯಾಂಗ್‌ಫರ್ಡ್ ಕಾಲದ ಗ್ಲೌಸು ಚರ್ಮದ್ದು, ಒಳಗೆ ಕುದುರೆ ಕೂದಲು, ಕಟ್ಟುವುದಕ್ಕೆ ಲೇಸು. ವೆಲ್ಕ್ರೋ ಎಂಬುದು ಅವನು ಸಾಯುವ ಕಾಲಕ್ಕೆ ಬಂದ ಸಾಮಾನು. ಇದು ಅಂದದ ಪ್ರಶ್ನೆ ಮಾತ್ರವೂ ಅಲ್ಲ. ರೆಕ್ಸಿನ್ ಎಂದರೆ ಪಿವಿಸಿ ಪ್ಲಾಸ್ಟಿಕ್, ಅದನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ಶೆಕೆಗೆ ನಿಧಾನವಾಗಿ ಹೊರಗೆ ಬರುತ್ತದೆ. ತಾಗಿದ ಕಾಗದಕ್ಕೆ ಜಿಡ್ಡು ಕಲೆ, ಮುಚ್ಚಿದ ಪೆಟ್ಟಿಗೆಯಲ್ಲಿ ಗಾಜಿನ ಒಳಮೈಗೆ ಮಬ್ಬು. ಗ್ಲೌಸಿನ ಹೆಬ್ಬೆರಳು ಚಿತ್ರದ ಅಂಚಿಗೆ ತಾಗುವ ಹಾಗೆ ಕೂರಿಸಿದ್ದಾರೆ. ತಂದ ದಿನವೇ ಅದನ್ನು ತೆಗೆದು ಮಕ್ಕಳಿಗೆ ಕೊಡುವುದು ಲೇಸು.

ಪ್ರಮಾಣಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿನ್ನದ ಬಣ್ಣದ ಸ್ಟಿಕ್ಕರ್, ‘500ರಲ್ಲಿ 137’ ಎಂಬ ಸಂಖ್ಯೆ, ಅದೂ ಕೈಯಿಂದ ಬರೆದದ್ದಲ್ಲ, ಅಚ್ಚು. ಏನು ಅಸಲಿ, ಯಾರು ಪರೀಕ್ಷಿಸಿದರು ಎಂಬುದು ಇಲ್ಲ. ನಕಲಿಗೆ ಕೊಟ್ಟ ಅಸಲಿ ಪತ್ರದಿಂದ ಉಪಯೋಗ ಇಷ್ಟೇ, ಯಾವತ್ತಾದರೂ ಮಾರುವಾಗ ಪತ್ರವನ್ನು ಜೊತೆಗೆ ಕೊಡದಿದ್ದರೆ ಇನ್ನೊಬ್ಬರಿಗೆ ಮೋಸ ತಪ್ಪುತ್ತದೆ.

ಇದೇ ಮಾದರಿಯಲ್ಲಿ ‘ಸಹಿ ಇರುವ’ ಆವೃತ್ತಿ ಎಂದು 9,500 ರೂಪಾಯಿಗೆ ತೋರಿಸುತ್ತಾರೆ. ಮುಟ್ಟಬೇಡಿ. ಸಹಿ ದಪ್ಪ ಕಪ್ಪು ಮಾರ್ಕರಿನದು. ಶಾರ್ಪಿ ಮಾರ್ಕರ್ ಮಾರುಕಟ್ಟೆಗೆ ಬಂದದ್ದು 1964ರಲ್ಲಿ, ಲ್ಯಾಂಗ್‌ಫರ್ಡ್ ಸತ್ತು ಎಂಟು ವರ್ಷದ ಮೇಲೆ. ಬಾಲ್‌ಪೆನ್ ಆದರೂ ಅಮೆರಿಕದ ಅಂಗಡಿಗೆ ಬಂದದ್ದು 1945ರಲ್ಲಿ, ಆ ಹೊತ್ತಿಗೆ ಅವನಿಗೆ ಕಣ್ಣೇ ಕಾಣುತ್ತಿರಲಿಲ್ಲ. ಅವನ ನಿಜವಾದ ಸಹಿ ಬಹಳ ವಿರಳ. ಪಿಎಸ್‌ಎ, ಜೆಎಸ್‌ಎ, ಬೆಕೆಟ್‌ನಂಥ, ಸಹಿ ಪರೀಕ್ಷಿಸುವ ಸಂಸ್ಥೆಗಳ ಪ್ರಮಾಣಪತ್ರದ ಸಂಖ್ಯೆ ಇದ್ದು, ಆ ಸಂಖ್ಯೆಯನ್ನು ಅವರದೇ ತಾಣದಲ್ಲಿ ಹಾಕಿ ನೋಡಿ, ಅಲ್ಲಿನ ಚಿತ್ರಕ್ಕೂ ಕೈಯಲ್ಲಿರುವುದಕ್ಕೂ ಹೋಲಿಕೆ ಆದ ಮೇಲಷ್ಟೇ ಮುಂದಿನ ಮಾತು. ಕ್ರೀಡಾ ಸಹಿಗಳ ಖೋಟಾ ಜಾಲ ಎಷ್ಟು ದೊಡ್ಡದಿತ್ತೆಂದರೆ 1990ರ ದಶಕದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಅದಕ್ಕೆಂದೇ ‘ಆಪರೇಷನ್ ಬುಲ್‌ಪೆನ್’ ಎಂಬ ಕಾರ್ಯಾಚರಣೆ ನಡೆಸಬೇಕಾಯಿತು.

ಕಟ್ಟುವ ಕೆಲಸಕ್ಕೆ ಬಂದರೆ, ಮುಂದೆ ನೋಡಿದರೆ ಹತ್ತಕ್ಕೆ ಎಂಟು ಅಂಕ, ಹಿಂದೆ ತಿರುಗಿಸಿದರೆ ನಾಲ್ಕು. ಎಂಡಿಎಫ್ ಹಲಗೆಯನ್ನು ಸಣ್ಣ ಮೊಳೆಯಲ್ಲಿ ಕೂರಿಸಿ ಬಿಟ್ಟಿದ್ದಾರೆ, ಸುತ್ತ ಟೇಪು ಇಲ್ಲ. ಆ ಸಂದಿಯಲ್ಲಿ ಧೂಳು, ಇರುವೆ, ಕಾಗದ ತಿನ್ನುವ ಬೆಳ್ಳಿಹುಳ ಎಲ್ಲಕ್ಕೂ ದಾರಿ. ಎಂಡಿಎಫ್ ತೇವ ಹೀರಿ ಉಬ್ಬುತ್ತದೆ, ಉಬ್ಬಿದಾಗ ಮೊಳೆ ಸಡಿಲ. ಅರಸೀಕೆರೆ ಕಡೆಯ ಒಣ ಹವೆಯಲ್ಲಿ ಹತ್ತು ವರ್ಷ ಏನೂ ಆಗದೆ ಇರಬಹುದಾದ ಇದೇ ಫ್ರೇಮು ಮೂಡಿಗೆರೆ, ಕೊಟ್ಟಿಗೆಹಾರದಲ್ಲಿ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವಾಂಶ ಶೇ 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು, ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಅದು ಇಳಿಯುವುದೇ ಅಪರೂಪ.

ಕೊಂಡವರು ಮಳೆಗೆ ಮೊದಲು ಒಮ್ಮೆ ಬಿಚ್ಚಿ ಮತ್ತೆ ಕಟ್ಟಿಸುವುದು ಒಳ್ಳೆಯದು. ದೇವರ ಪಟ ಕಟ್ಟುವ ಯಾವ ಅಂಗಡಿಯಲ್ಲೂ ಆಗುತ್ತದೆ, ಕೂಲಿ ಸಾಮಾನು ಸೇರಿ 600ರಿಂದ 800 ರೂಪಾಯಿ. ಆದರೆ ಪಕ್ಕದಲ್ಲಿ ನಿಂತು ಮಾಡಿಸಬೇಕು, ಇಲ್ಲದಿದ್ದರೆ ಫೆವಿಕಾಲ್ ಡಬ್ಬಿ ಹೊರಗೆ ಬರುತ್ತದೆ. ಎಂಡಿಎಫ್ ಬದಲು 4 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಹಾಕಿಸಿ. ಪ್ಲೈವುಡ್ ಆಮ್ಲ ಬಿಡುತ್ತದೆ, ಅದಕ್ಕೂ ಚಿತ್ರಕ್ಕೂ ನಡುವೆ ಆಮ್ಲರಹಿತ ಮೌಂಟ್ ಬೋರ್ಡು ಒಂದು ಪದರ ಇರಲಿ. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಚಿತ್ರಕಲಾ ಸಾಮಗ್ರಿ ಅಂಗಡಿಯಿಂದ ತರಿಸಬೇಕು. ಚಿತ್ರವನ್ನು ಪೂರ್ತಿ ಅಂಟಿಸದೆ ಮೇಲಿನ ಅಂಚಿನಲ್ಲಿ ಮಾತ್ರ ಎರಡು ಕಡೆ ತೆಳು ಕಾಗದದ ಪಟ್ಟಿಯಿಂದ ನೇತುಹಾಕಿ, ಅಂಟಿಗೆ ಮೈದಾ ಗೋಂದು ಸಾಕು, ಆದರೆ ಚೂರೇ ಚೂರು. ಹೆಚ್ಚಾದರೆ ಬೆಳ್ಳಿಹುಳಕ್ಕೆ ಊಟ ಇಟ್ಟ ಹಾಗೆ. ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ, ನಾಲ್ಕೂ ಕಡೆ ಹಿಡಿದು ಕಟ್ಟಿದರೆ ನಡುವೆ ಅಲೆ ಏಳುತ್ತದೆ. ಲ್ಯಾಮಿನೇಷನ್ ಮಾಡಿಕೊಡಲೇ ಎಂದು ಕೇಳುತ್ತಾರೆ, ಬೇಡ ಅನ್ನಿ. ಕೊನೆಗೆ ಹಿಂದಿನ ಸಂದಿ ಪೂರ್ತಿ ಮುಚ್ಚುವ ಹಾಗೆ ಬ್ರೌನ್ ಟೇಪು.

ಒಳಗೆ 10 ಗ್ರಾಂನ ಸಿಲಿಕಾ ಜೆಲ್ ಪೊಟ್ಟಣ ಇಡಬಹುದು. ಮಳೆಗಾಲದಲ್ಲಿ ಅದು ಬೇಗ ತುಂಬಿಹೋಗುತ್ತದೆ, ಹಾಗಾಗಿ ಹಿಂಬದಿಯಲ್ಲಿ ಕೈಗೆ ಸಿಗುವ ಜಾಗದಲ್ಲಿರಲಿ. ನೀಲಿ ಹರಳಿನದ್ದು ಕೊಳ್ಳಬೇಡಿ, ಅದರ ಬಣ್ಣಕ್ಕೆ ಬಳಸುವ ಕೋಬಾಲ್ಟ್ ವಿಷ; ಅಡುಗೆಮನೆಯ ಬಾಣಲೆಯಲ್ಲಿ ಅದನ್ನು ಕಾಯಿಸಿ ಒಣಗಿಸುವವರನ್ನು ಕಂಡರೆ ಗಾಬರಿಯಾಗುತ್ತದೆ. ಕಿತ್ತಳೆ ಬಣ್ಣದ್ದು ತಂದು, ಬೇರೆಯೇ ಒಂದು ತಗಡಿನ ಡಬ್ಬಿ ಇಟ್ಟುಕೊಂಡು ಕಾಯಿಸಿ. ನೇತುಹಾಕುವುದು ಒಳಗೋಡೆಗೆ, ಮಳೆ ಬಡಿಯುವ ಪಡುವಣ ಗೋಡೆಗೆ ಅಲ್ಲ. ಕೆಳಗಿನ ಎರಡು ಮೂಲೆಗೆ ಬಾಟಲಿ ಕಾರ್ಕನ್ನು ಅರ್ಧ ಇಂಚು ದಪ್ಪಕ್ಕೆ ಕತ್ತರಿಸಿ ಅಂಟಿಸಿದರೆ ಹಿಂದೆ ಗಾಳಿ ಆಡುತ್ತದೆ. ಕಾರ್ಕ್ ಟಿಪ್ ಸಿಗರೇಟಿನ ಕಾರ್ಡಿಗೆ ಅಷ್ಟು ಮರ್ಯಾದೆ ಇರಲಿ. ಭಾರ ಮೂರು ಕಿಲೋಗೆ ಹತ್ತಿರ, ಮಣ್ಣಿನ ಗೋಡೆಯ ಹಳೇ ಎಸ್ಟೇಟ್ ಮನೆಗಳಲ್ಲಿ ಒಂದು ಮೊಳೆ ನಂಬಬೇಡಿ.

3,800 ರೂಪಾಯಿ ಕೊಡಬಹುದೇ? ಗಾಜು, ಬೀಡಿಂಗ್, ಪ್ರಿಂಟ್, ಕಾರ್ಡು ಎಲ್ಲ ಊರಲ್ಲೇ ಬಿಡಿಬಿಡಿಯಾಗಿ ಮಾಡಿಸಿದರೆ ಎರಡು ಸಾವಿರದ ಆಸುಪಾಸು. ಅಲೆದಾಟ ಬೇಡ ಅನ್ನುವ ಹೋಂಸ್ಟೇಯವರಿಗೆ 3,000ಕ್ಕೆ ಇಳಿಸಿ ಕೊಟ್ಟರೆ ನ್ಯಾಯ. ‘ಸಂಗ್ರಹಯೋಗ್ಯ’, ‘ಮುಂದೆ ಬೆಲೆ ಏರುತ್ತದೆ’ ಎಂಬ ಮಾತಿಗೆ ಒಂದು ರೂಪಾಯಿಯನ್ನೂ ಸೇರಿಸಬೇಡಿ. ನಿಜವಾದ ಹಸನ್ ಕಾರ್ಡೇ ಬೇಕು ಅನ್ನುವವರು ಜಾನ್ಸನ್‌ನಿಂದ ಶುರು ಮಾಡಬೇಕಿಲ್ಲ, ಅವನದು ಆ ಸರಣಿಯಲ್ಲೇ ದುಬಾರಿ. ಹೆಸರು ಕೇಳಿರದ ಓಟಗಾರನೊಬ್ಬನ ಸವೆದ ಕಾರ್ಡಿನ ಹಿಂಬದಿಯಲ್ಲೂ ಅದೇ ಊರಿನ ಹೆಸರು ಇರುತ್ತದೆ. ವಿದೇಶದಿಂದ ತರಿಸುವಾಗ ಕಸ್ಟಮ್ಸ್ ಮತ್ತು ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ, ಸಣ್ಣ ಕಾರ್ಡಿಗೆ ಕೆಲವೊಮ್ಮೆ ಅದೇ ದೊಡ್ಡ ಮೊತ್ತ.

ಈಗಾಗಲೇ ಕೊಂಡವರು ಫಲಕವನ್ನು ಬದಲಾಯಿಸಿ. ಡಬಲ್ ಟೇಪಿನಲ್ಲಿ ಅಂಟಿಸಿದ್ದಾರೆ. ಹೇರ್ ಡ್ರೈಯರ್‌ನ ಬಿಸಿಗಾಳಿಯನ್ನು ಒಂದು ನಿಮಿಷ ಹಾಯಿಸಿ, ಮೀನಿನ ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದ ಹಾಗೆ ಎಳೆದರೆ ಬೋರ್ಡು ಹರಿಯದೆ ಬಿಟ್ಟುಕೊಳ್ಳುತ್ತದೆ. ಚಾಕು ಹಾಕಬೇಡಿ. ಶೀಲ್ಡು, ಟ್ರೋಫಿ ಮಾಡುವ ಅಂಗಡಿಯಲ್ಲಿ ಅದೇ ಅಳತೆಯ ಹಿತ್ತಾಳೆ ಫಲಕ ಕೆತ್ತಿಸಲು 300 ರೂಪಾಯಿ ಒಳಗೆ ಆಗುತ್ತದೆ. ಹುಟ್ಟಿದ ವರ್ಷ ಕೆಲವು ಕಡೆ 1886 ಎಂದಿದೆ, ಹೆಚ್ಚಿನವರು ಒಪ್ಪುವುದು 1883. ಹೆಸರು, ಊರು, ‘1883–1956’ ಇಷ್ಟು ಸಾಕು. ‘ಬಾಸ್ಟನ್ ಟಾರ್ ಬೇಬಿ’ ಎಂಬ ಅಡ್ಡಹೆಸರನ್ನು ಸೇರಿಸಲು ಹೋಗಬೇಡಿ, ಅದು ಬಣ್ಣದ ಮೇಲೆ ಇಟ್ಟ ಬೈಗುಳ. ಬೇಕಾದ ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಕೊಡಿ, ‘ಚಾಂಪಿಯನ್’ ಪದ ಬೇಡ ಎಂದು ಅಡಿಗೆರೆ ಎಳೆದು ಬೇರೆಯಾಗಿ ಬರೆಯಿರಿ. ಟ್ರೋಫಿ ಅಂಗಡಿಯವರ ಕೈಗೆ ಆ ಪದ ರೂಢಿಯಾಗಿರುತ್ತದೆ, ಕೇಳದಿದ್ದರೂ ಕೆತ್ತಿಬಿಡುತ್ತಾರೆ.